ಚಿನ್ನುವಿನ ಕಾಲ್ಗುಣ

ಲಿಫ್ಟಿನಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವುದು ಅಂಥ ಕಷ್ಟದ ಕೆಲಸವೇನಲ್ಲ. ಮೂರನೇ ಮಹಡಿಯಿಂದ ಕೆಳಗಿಳಿಯಲು ಇಪ್ಪತ್ತು ಸೆಕೆಂಡು ಸಾಕು. ಮೊಬೈಲು ನೋಡುತ್ತ ನಿಂತರಾಯಿತು, ಇಲ್ಲವೇ ಗೋಡೆಯ ಮೇಲೆ ಅಂಟಿಸಿದ ನೀರಿನ ಟೈಮ್‌ಟೇಬಲ್ಲು ಓದಿದರಾಯಿತು. ಆದರೆ ಪುಣೆಯ ಬಿಬವೇವಾಡಿಯ ಶುಭಮಂಗಲ ಸೊಸೈಟಿಯ ಬಾಡಿಗೆದಾರ ಮಾಂತು ಅಂಥವನಲ್ಲ. ಯಾರಾದರೂ ‘ಹೆಂಗದೀಯೋ’ ಎಂದರೆ ಸಾಕು, ತಾನು ಹೇಗಿದ್ದೇನೆಂದು ಬುಡದಿಂದ ಹೇಳಿದರೇ ಅವನಿಗೆ ಸಮಾಧಾನ.

ಆ ಶನಿವಾರ ಬೆಳಿಗ್ಗೆ ಹಾಲು ತರಲು ಹೊರಟಾಗ ಲಿಫ್ಟಿನಲ್ಲಿ ಸೊಸೈಟಿಯ ಚೇರ್ಮನ್ ಅಪ್ಪಾಸಾಹೇಬರು ನಿಂತಿದ್ದರು. ನಿಂತಿದ್ದರು ಎನ್ನುವುದಕ್ಕಿಂತ ಅರ್ಧ ಮಡಚಿಟ್ಟ ಕುರ್ಚಿಯಂತೆ ಇದ್ದರು ಎನ್ನುವುದು ಸರಿ. ಮೂಲ ನಿಪ್ಪಾಣಿಯವರು, ಪುಣೆಗೆ ಬಂದು ನಲವತ್ತು ವರ್ಷ. ಎರಡು ದಿನದ ಹಿಂದೆ ಹೂಕುಂಡ ಎತ್ತಲು ಬಗ್ಗಿದವರು ಇನ್ನೂ ಪೂರ್ತಿ ಎದ್ದಿರಲಿಲ್ಲ.

“ಏನೋ ಮಾಂತು, ಇವತ್ತ ಕೆಲಸಕ್ಕ ಹೋಗೂದಿಲ್ಲೇನು?” ಎಂದು ಅವರು ನೆಲ ನೋಡುತ್ತಲೇ ಕೇಳಿದರು.

“ಅರ್ಧಾ ದಿನಾ ರಜಾ ಹಾಕೇನ್ರಿ. ನಾಕ ಗಂಟೇಕ ಕೂಸಿನ್ನ ಕ್ಯಾಂಪ್ ಏರಿಯಾದಾಗಿನ ಡಾಕ್ಟರ್ ಕಡೆ ಒಯ್ಯೂದದ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಲಿಫ್ಟು ಇನ್ನೂ ಎರಡನೇ ಮಹಡಿಯಲ್ಲಿತ್ತು.

“ಹುಟ್ಟೂ ಮುಂದ ಕುತ್ತಿಗಿಗೆ ಭಾಳ ಜಗ್ಗಾಟ ಆಗೇದ್ರಿ. ಬಲಕ್ಕಷ್ಟ ತಿರಗತಾಳ, ಎಡಕ್ಕ ಒಟ್ಟ ತಿರಗಂಗಿಲ್ಲ. ಹಾಲು ಕುಡಿಯೂದೂ ಒಂದ ಕಡೆ. ಸಂಜಿ ಆತಂದ್ರ ಅಳೂದು ಚಾಲೂ. ಏನ ಮಾಡೂದ್ರಿ, ಕಾಲು ಮುಂದಾಗಿ ಹುಟ್ಟಿದ ಕೂಸು...”

ಅಪ್ಪಾಸಾಹೇಬರು ಥಟ್ಟನೆ ನೆಟ್ಟಗಾಗಲು ನೋಡಿ, “ಅಯ್ಯಯ್ಯೋ” ಎಂದು ಮತ್ತೆ ಮಡಚಿಕೊಂಡರು. ಆದರೆ ಅವರ ಕಣ್ಣು ಮಾತ್ರ ಹಬ್ಬದ ದಿನದಂತೆ ಅರಳಿದ್ದವು.

“ಪಾಯಾಳು? ನಮ್ಮ ಬಿಲ್ಡಿಂಗದಾಗ ಪಾಯಾಳು ಕೂಸು ಅದ, ನನಗ ಈಗ ಹೇಳ್ತಿ?”

ಕಾಲು ಮುಂದಾಗಿ ಹುಟ್ಟಿದವರನ್ನು ಆ ಕಡೆ ಪಾಯಾಳು ಎನ್ನುತ್ತಾರೆ. ಸೊಂಟದಲ್ಲಿ ಚಳಕು ಹಿಡಿದವರು ಬೋರಲು ಮಲಗಬೇಕು, ಹಿಂದಕ್ಕೆ ತಿರುಗಿ ನೋಡಬಾರದು, ಪಾಯಾಳು ಬಂದು ಮೂರು ಸಲ ಕಾಲು ತಾಗಿಸಬೇಕು. ಎಂಥ ಚಳಕಿದ್ದರೂ ಬಿಟ್ಟು ಹೋಗುತ್ತದೆ ಎಂದು ಗಡಿಯ ಎರಡೂ ಬದಿಯ ಜನ ನಂಬುತ್ತಾರೆ. ಮರಾಠಿ, ಕನ್ನಡ ಎಂದು ಉಳಿದೆಲ್ಲದಕ್ಕೂ ಜಗಳವಾಡುವವರು ಈ ಒಂದು ವಿಷಯದಲ್ಲಿ ಮಾತ್ರ ಒಂದೇ ಮನೆಯವರು.

“ಅದೇನ್ ದೊಡ್ಡ ಮಾತಲ್ಲ, ಬರ್ರಿ. ನಾ ಅದೀನಲ್ಲ, ನಾ ನೋಡ್ಕೋತೀನಿ” ಎಂದ ಮಾಂತು. ಇದು ಅವನು ದಿನಕ್ಕೆ ಹತ್ತು ಸಲ ಹೇಳುವ ಮಾತು. ಹೇಳಿದ ಮೇಲೆ ಅವನು ನೋಡಿಕೊಂಡದ್ದು ಮಾತ್ರ ಈವರೆಗೆ ಯಾರೂ ಕಂಡಿರಲಿಲ್ಲ.

ಹಾಲು ಮರೆತು ಇಬ್ಬರೂ ಮೇಲೆ ಬಂದರು. ಹೆಂಡತಿ ರೇಣು ಸ್ನಾನದ ಮನೆಯಲ್ಲಿದ್ದಳು. ತಾಯಿ ಕಲ್ಲವ್ವ ಎರಡು ತಿಂಗಳ ಚಿನ್ನುವಿಗೆ ಎಣ್ಣೆ ಹಚ್ಚುತ್ತ ಕುಳಿತಿದ್ದಳು. ವಿಷಯ ಕೇಳಿದ್ದೇ ಅವಳ ಕೈ ನಿಂತುಹೋಯಿತು.

“ಲೇ ಮಾಂತ್ಯಾ, ಹೊರಗ ಹೇಳಬ್ಯಾಡ ಅಂತ ಗಲ್ಲಕ್ಕ ಕೈ ಹಚ್ಚಿ ಹೇಳಿದ್ನಿಲ್ಲೋ ನಿನಗ! ಇಂಥಾ ಮಾತು ಮನೀ ಹೊಸ್ತಿಲಾ ದಾಟಬಾರದು. ದಾಟಿದ್ರ ಏನಾಗತದ ನನಗ ಗೊತ್ತದ.”

“ಒಮ್ಮೆ ಕಾಲು ಹಚ್ಚಿದ್ರ ಏನಾಗತದಬೇ? ನೀ ಬಿಡು, ನಾ ನೋಡ್ಕೋತೀನಿ.”

ಕಲ್ಲವ್ವ ಮೊದಲಿನಿಂದಲೂ ಹೀಗೇ. ಮಾಂತು ಚಿಕ್ಕವನಿದ್ದಾಗ ಅವನನ್ನು ಕಬಡ್ಡಿಗೆ ಬಿಟ್ಟವಳಲ್ಲ, ಚೆಂಡು ಒದೆಯಲೂ ಬಿಟ್ಟವಳಲ್ಲ. ಅಪ್ಪಿತಪ್ಪಿ ಅವನ ಕಾಲು ಯಾರಿಗಾದರೂ ತಾಗಿದರೆ ಊರೇ ಮುಳುಗಿದಂತೆ ಆಡುತ್ತಿದ್ದಳು. ಹಳೇ ಕಾಲದ ಹೆಂಗಸಿನ ಅಂಜಿಕೆ ಎಂದು ಮಾಂತು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ರೇಣು ತಲೆಗೆ ಟಾವೆಲು ಸುತ್ತಿಕೊಂಡು ಹೊರಬಂದಾಗ ಕಂಡದ್ದು ಇಷ್ಟು: ಹಾಲ್‌ನ ಚಾಪೆಯ ಮೇಲೆ ಚೇರ್ಮನ್ನರು ಬೋರಲಾಗಿದ್ದಾರೆ. ತನ್ನ ಗಂಡ ತನ್ನ ಮಗಳನ್ನು ರಬ್ಬರ್ ಸ್ಟಾಂಪಿನಂತೆ ಎತ್ತಿ ಎತ್ತಿ ಅವರ ಸೊಂಟದ ಮೇಲೆ ಇಡುತ್ತಿದ್ದಾನೆ. ಚಿನ್ನು ಕಿರಿಚುತ್ತಿದ್ದಾಳೆ.

ಮೂರನೇ ಸಲ ಕಾಲು ತಾಗಿತು. ಅಪ್ಪಾಸಾಹೇಬರು ಮೊಣಕಾಲೂರಿ ಎದ್ದರು, ಸೊಂಟಕ್ಕೆ ಕೈಯಿಟ್ಟರು, ನೆಟ್ಟಗಾದರು. ಎರಡು ದಿನದ ಮೇಲೆ ಮೊದಲ ಸಲ ಮನುಷ್ಯರ ಮುಖ ನೋಡಿದರು.

“ಹೋತು ನೋಡ ತಂಗೀ! ನಿನ್ನ ಮಗಳು ದೇವರು!” ಎಂದು ರೇಣುವಿಗೆ ಕೈಮುಗಿದು, ಚಪ್ಪಲಿ ಬಿಟ್ಟೇ ಹೊರಟುಹೋದರು.

ರೇಣು ಕೂಗಾಡಲಿಲ್ಲ. ಅವಳು ಕೂಗಾಡದೆ ಇದ್ದಾಗಲೇ ಮಾಂತುವಿಗೆ ಹೆಚ್ಚು ಹೆದರಿಕೆ. ಮಗಳನ್ನು ಭುಜಕ್ಕೆ ಹಾಕಿಕೊಂಡು ಮೆಲ್ಲಗೆ ಹೇಳಿದಳು.

“ಮಕ್ಕಳ ಡಾಕ್ಟರ್ ಎಲ್ಲಾ ಚೆಕ್ ಮಾಡಿ, ಬ್ಯಾರೆ ಏನೂ ತ್ರಾಸಿಲ್ಲ ಅಂದಮ್ಯಾಲೆ ಎಲಬು-ಕೀಲು ಸಡಿಲ ಮಾಡೂ ಈ ಪ್ರಣೀತಾ ಮೇಡಮ್ಮರ ಹೆಸರು ಹೇಳ್ಯಾರ. ಮೂರು ವಾರ ಕಾದೀನಿ ಈ ಅಪಾಯಿಂಟ್‌ಮೆಂಟಿಗೆ. ಎರಡು ತಿಂಗಳಾತು, ಒಂದು ತಾಸು ಸೈತ ಸುಖವಾಗಿ ಮಲಗಿಲ್ಲ ಕೂಸು, ನಾನೂ ಮಲಗಿಲ್ಲ. ಇವತ್ತ ನಾಕ ಗಂಟೇಕ ಆ ದವಾಖಾನಿ ಮುಟ್ಟಲಿಲ್ಲಂದ್ರ, ನಾಳೆ ಮುಂಜಾನೆ ನಾನೂ ಚಿನ್ನೂ ಬೆಳಗಾವಿ ಬಸ್ ಹತ್ತತೀವಿ. ಆರು ತಿಂಗಳು ಈ ಕಡೆ ಬರಂಗಿಲ್ಲ.”

“ಎಲಬು ಹಿಡಿಯೋ ಡಾಕ್ಟರ್ ಕೈಯಾಗ ಎಳೇ ಕೂಸು ಕೊಡ್ತಾರೇನ?” ಎಂದು ಕಲ್ಲವ್ವ ನಡುವೆ ಬಾಯಿ ಹಾಕಿದಳು. “ಕಟಕ್ ಅನಿಸಿಬಿಟ್ರ?”

“ಅತ್ತೀ, ದೊಡ್ಡವರಿಗೆ ಮಾಡಿದಂಗ ಮಕ್ಕಳಿಗೆ ಮಾಡೂದಿಲ್ರಿ. ಟೊಮೆಟೊ ಹಣ್ಣಾಗೇದೋ ಇಲ್ಲೋ ಅಂತ ಒತ್ತಿ ನೋಡತೀರಲ್ಲ, ಅಷ್ಟ ಮೆತ್ತಗ. ಎರಡು ಬೆರಳಲೆ. ಕಟಕ್ ಇಲ್ಲ, ಪಟಕ್ ಇಲ್ಲ.”

“ನಾಕ ಗಂಟೇಕ ಅಂದ್ರ ನಾಕ ಗಂಟೇಕ” ಎಂದ ಮಾಂತು. “ನಾ ನೋಡ್ಕೋತೀನಿ.” ಮಗಳ ಕೆಂಪಾದ ಮುಖವನ್ನು ಅಂಗಿಯ ತುದಿಯಿಂದ ಒರೆಸಿದ. ಅವಳನ್ನು ಆರು ತಿಂಗಳು ನೋಡದೆ ಇರುವುದು ಅವನಿಂದ ಆಗುವ ಮಾತಲ್ಲ.

ಮಾಂತು ಸದಾಶಿವ ಪೇಠದಲ್ಲಿ ಪರೀಕ್ಷಾ ಪುಸ್ತಕಗಳ ಅಂಗಡಿಯೊಂದರಲ್ಲಿ ಗುಮಾಸ್ತ. ಬೆಳಗಿನ ಕೆಲಸ ಮುಗಿಸಿ ಒಂದೂವರೆಗೆ ಸ್ಕೂಟರ್ ಹತ್ತಿದಾಗ ಮೊಬೈಲು ನೋಡಿದ. ಸೊಸೈಟಿಯ ಗ್ರೂಪಿನಲ್ಲಿ ಅಪ್ಪಾಸಾಹೇಬರ ಫೋಟೋ ಬಂದಿತ್ತು. ಎದೆ ಸೆಟೆಸಿಕೊಂಡು ನಿಂತಿದ್ದರು. ಕೆಳಗೆ ಬರೆದಿತ್ತು: ‘ಮೂರನೇ ಮಹಡಿಯ ಮಾಂತು ಅವರ ಮನೆಯಲ್ಲಿ ಪಾಯಾಳು ಕೂಸು ಇದೆ. ಅನುಭವ ನೂರಕ್ಕೆ ನೂರು. ಎಲ್ಲರಿಗೂ ಸ್ವಾಗತ.’ ಸ್ವಾಗತ ಕೋರಲು ಅವರಿಗೆ ಯಾರು ಹೇಳಿದರೋ ದೇವರಿಗೇ ಗೊತ್ತು.

ಮನೆ ಮುಟ್ಟಿದಾಗ ಲಿಫ್ಟು ಮೂರನೇ ಮಹಡಿಯಲ್ಲೇ ಸಿಕ್ಕಿಕೊಂಡಿತ್ತು. ಮೆಟ್ಟಿಲು ಹತ್ತಿದ. ಎರಡನೇ ಮಹಡಿಯಿಂದಲೇ ಸಾಲು ಶುರುವಾಗಿತ್ತು. ಗೋಡೆ ಹಿಡಿದವರು, ಕೋಲು ಹಿಡಿದವರು, ಒಬ್ಬರನ್ನೊಬ್ಬರು ಹಿಡಿದವರು, ಒಟ್ಟು ಹನ್ನೊಂದು ಜನ. ಮೂಲೆಯಲ್ಲಿ ಸೇವು-ಚೂಡಾ ಮಾರುವ ಫರಸಾಣ ಅಂಗಡಿಯ ಪಂಢರಿನಾಥ ಎಲ್ಲರಿಗಿಂತ ಮುಂದೆ. ಅವನ ತೂಕ ನೂರಾಹತ್ತು ಕಿಲೋ. ಅವನ ಹಿಂದೆ ನಿಂತವರಿಗೆ ಬಾಗಿಲು ಕಾಣುತ್ತಿರಲಿಲ್ಲ. ಸಾಲು ತಪ್ಪದಂತೆ ಅಪ್ಪಾಸಾಹೇಬರೇ ಚೀಟಿ ಹಂಚುತ್ತಿದ್ದರು.

“ಅಪ್ಪಾಸಾಹೇಬ್ರ, ಕೂಸು ಮಲಗೇದ್ರಿ. ಮತ್ತ ನಾಕ ಗಂಟೇಕ ನಾವು...”

“ಹನ್ನೊಂದ ಮಂದಿ, ಒಬ್ಬೊಬ್ಬರಿಗೆ ಹತ್ತ ನಿಮಿಷ. ಕೂಸು ಎದ್ದಮ್ಯಾಲೆ ಮೂರಕ್ಕ ಚಾಲೂ ಮಾಡಿದ್ರ ಐದಕ್ಕ ಮುಗೀತದ. ಡಾಕ್ಟರೇನು ಓಡಿ ಹೋಗ್ತಾರೇನೋ? ನೆರೆಹೊರೆಯವರ ತ್ರಾಸು ಮೊದಲು ನೋಡಬೇಕು, ತಮ್ಮಾ. ಮುಂದಿನ ತಿಂಗಳು ನಿನ್ನ ಬಾಡಿಗಿ ಕರಾರಿನ ಕಾಗದಕ್ಕ ನಾನೂ ಸಹಿ ಹಾಕೂದದ, ನೆನಪಿರಲಿ.”

ಮಾಂತು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ರೇಣು ಚಿನ್ನುವನ್ನು ಹೊದಿಸಿ, ಚೀಲ ತುಂಬಿ ಸಿದ್ಧವಾಗಿ ನಿಂತಿದ್ದಳು. ಯಾವ ಚೀಲ ಎಂದು ನೋಡಿದ. ದವಾಖಾನೆಯ ಸಣ್ಣ ಚೀಲದ ಪಕ್ಕದಲ್ಲಿ ಬೆಳಗಾವಿಯ ದೊಡ್ಡ ಚೀಲವೂ ಇತ್ತು.

ಆಗ ಅವನಿಗೆ ಉಪಾಯ ಹೊಳೆಯಿತು. ಜೀವನದಲ್ಲಿ ಅವನಿಗೆ ಹೊಳೆದ ಉಪಾಯಗಳಲ್ಲಿ ಕೆಲಸ ಮಾಡಿದ್ದು ಇದೊಂದೇ, ಅದಕ್ಕೇ ಇಷ್ಟು ರಾದ್ಧಾಂತವಾಯಿತು.

ಮೂರು ಗಂಟೆಗೆ ರೇಣು ಚಿನ್ನುವನ್ನು ಎತ್ತಿಕೊಂಡು ಅಡುಗೆಮನೆಯ ಹಿಂದಿನ ಕಿರಿದಾದ ಮೆಟ್ಟಿಲಿಂದ ಇಳಿದಳು. ಹಿಂಬಾಗಿಲಲ್ಲಿ ವಾಚ್‌ಮನ್ ಜಟ್ಟೆಪ್ಪ ರಿಕ್ಷಾ ನಿಲ್ಲಿಸಿದ್ದ. ಅದೇ ಹೊತ್ತಿಗೆ ಮುಂಬಾಗಿಲು ತೆರೆದು ಮಾಂತು ಘೋಷಿಸಿದ.

“ಒಬ್ಬೊಬ್ರ ಒಳಗ ಬರ್ರಿ. ಬೋರಲ ಮಲಕೋಬೇಕು. ಹಿಂದ ತಿರಗಿ ನೋಡಿದ್ರ ಗುಣ ಹೋಗತದ, ಅದು ನಿಮಗೂ ಗೊತ್ತದ.”

ಪಂಢರಿನಾಥ ಬಂದು ಚಾಪೆಯ ಮೇಲೆ ಬೋರಲಾದ. ಚಾಪೆ ಕಾಣದಾಯಿತು. ಮಾಂತು ಹಿಂದೆ ನಿಂತ. ಬಲಗೈಯಲ್ಲಿ ಚಿನ್ನುವಿನ ಕೌದಿ ಸುತ್ತಿದ ತಲೆದಿಂಬು. ಯಾರಾದರೂ ಓರೆಗಣ್ಣಲ್ಲಿ ನೋಡಿದರೂ ಕೂಸೇ ಕಾಣಬೇಕು. ಎಡಗೈಯಲ್ಲಿ ಮೊಬೈಲು. ಡಾಕ್ಟರಿಗೆ ತೋರಿಸಬೇಕೆಂದು ರೇಣು ಹಿಂದಿನ ಸಂಜೆ ಚಿನ್ನುವಿನ ಅಳು ರೆಕಾರ್ಡ್ ಮಾಡಿ ಅವನಿಗೂ ಕಳಿಸಿದ್ದಳು. ಅದನ್ನು ಹಚ್ಚಿದ. ಮನೆ ತುಂಬ ಅಳು.

ಆಮೇಲೆ ನೋಡಿದರೆ ಎರಡೂ ಕೈ ತುಂಬಿವೆ, ಕಾಲು ತಾಗಿಸಲು ಕೈಯೇ ಇಲ್ಲ. ಒಂದು ಕ್ಷಣ ಯೋಚಿಸಿದ. ಎರಡು ತಿಂಗಳ ಕೂಸಿನ ಅಂಗಾಲು ಎಷ್ಟು ಅಗಲವೋ ಗುಮಾಸ್ತನ ಹೆಬ್ಬೆರಳೂ ಹೆಚ್ಚುಕಮ್ಮಿ ಅಷ್ಟೇ ಅಗಲ. ಒಂಟಿಕಾಲಲ್ಲಿ ನಿಂತು, ಬಲಗಾಲಿನ ಹೆಬ್ಬೆರಳನ್ನು ಮೆಲ್ಲಗೆ ಪಂಢರಿನಾಥನ ಸೊಂಟಕ್ಕೆ ತಾಗಿಸಿದ.

ಬಾಗಿಲಲ್ಲಿ ಕುಳಿತಿದ್ದ ಕಲ್ಲವ್ವನ ಮುಖ ಬಿಳಿಚಿಕೊಂಡಿತು. “ಬ್ಯಾಡೋ!” ಎಂದು ದನಿಯಿಲ್ಲದೆ ಬಾಯಿ ಆಡಿಸಿದಳು. “ಕಾಲ ತಗೀಯೋ! ನೀ ಹಚ್ಚಬ್ಯಾಡೋ!” ಹಣೆ ಬಡಿದುಕೊಂಡಳು. ಮೋಸ ಮಾಡುತ್ತಿದ್ದೇನೆಂದು ಅವ್ವನಿಗೆ ಸಂಕಟ ಎಂದುಕೊಂಡ ಮಾಂತು ಕಣ್ಣಲ್ಲೇ ‘ನಾ ನೋಡ್ಕೋತೀನಿ’ ಎಂದು ಎರಡನೇ ಸಲ ತಾಗಿಸಿದ. ಮೂರನೇ ಸಲವೂ ತಾಗಿಸಿದ.

ಪಂಢರಿನಾಥ ಎದ್ದು ಕುಳಿತ. ಆಚೆ ವಾಲಿದ, ಈಚೆ ವಾಲಿದ. “ಗೇಲೀ! ಚಮಕ ಗೇಲೀ!” ಎಂದು, ಚಳಕು ಹೋಯಿತೆಂದು ಮರಾಠಿಯಲ್ಲಿ ಕೂಗಿ, ಕೌದಿಗೆ ದೂರದಿಂದಲೇ ಕೈಮುಗಿದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ನಿಂತ ಹತ್ತು ಜನರ ಮುಂದೆ ಬಗ್ಗಿ ಎದ್ದು, ಬಗ್ಗಿ ಎದ್ದು ತೋರಿಸಿದ.

ಮಾಂತುವಿಗೆ ನಗು ತಡೆಯಲಾಗಲಿಲ್ಲ. ಎಲ್ಲ ಮನಸ್ಸಿನ ಆಟ! ತಲೆದಿಂಬಿನ ಆಶೀರ್ವಾದಕ್ಕೂ ಚಳಕು ಬಿಡುತ್ತದೆ! ಎರಡನೆಯವರು ಬಂದರು, ಗುಣವಾದರು. ಮೂರನೆಯವರು ಬಂದರು, ಕೋಲು ಬಿಟ್ಟು ಹೋದರು. ಐದನೆಯವರ ಹೊತ್ತಿಗೆ ಅವನಿಗೆ ಕೈ ಕುದುರಿತು, ಅಂದರೆ ಕಾಲು ಕುದುರಿತು. ನಾಲ್ಕು ಗಂಟೆಗೆ ಗಡಿಯಾರ ನೋಡಿ, ರೇಣು ಮುಟ್ಟಿರಬೇಕು ಎಂದುಕೊಂಡು ನಿರಾಳನಾದ. ಇನ್ನು ಎಲ್ಲ ಸುಸೂತ್ರ.

ಹನ್ನೊಂದೂ ಜನ ಮುಗಿದ ಮೇಲೆ ಅಪ್ಪಾಸಾಹೇಬರೇ ಒಳಗೆ ಬಂದರು.

“ಚೀಟಿ ಹಂಚಿ ಹಂಚಿ ಮತ್ತ ಸ್ವಲ್ಪ ಹಿಡಕೊಂಡಂಗ ಆಗೇದ. ನನಗೂ ಒಮ್ಮೆ ಹಚ್ಚಿಬಿಡೋ” ಎಂದು ಬೋರಲಾದರು. ಮಾಂತು ಅಳು ಹಚ್ಚಿದ, ಕಾಲು ಎತ್ತಿದ. ಒಂದು ಸಲ ತಾಗಿಸಿದ. ಎರಡನೇ ಸಲ ತಾಗಿಸುವಷ್ಟರಲ್ಲಿ ಅಳು ಥಟ್ಟನೆ ನಿಂತು ಫೋನು ಬಾರಿಸತೊಡಗಿತು. ಗಾಬರಿಯಲ್ಲಿ ಅವನ ಬೆರಳು ಎಲ್ಲೆಲ್ಲಿ ಒತ್ತಿತೋ, ಸ್ಪೀಕರಿನಲ್ಲಿ ರೇಣುವಿನ ದನಿ ಮನೆಯೆಲ್ಲ ತುಂಬಿತು.

“ರೀ, ಮುಗೀತ್ರಿ! ಚಿನ್ನು ನನ್ನ ತೊಡಿ ಮ್ಯಾಲೇ ಮಲಗ್ಯಾಳ. ರಿಕ್ಷಾದಾಗ ಬರಾಕತ್ತೀವಿ. ಆ ಮಂದಿ ಎಲ್ಲಾ ಹೋದ್ರೋ, ಇನ್ನೂ ತಲದಿಂಬ ಹಿಡಕೊಂಡು ನಿಂತೀರೋ?”

ಅಪ್ಪಾಸಾಹೇಬರು ಹಿಂದೆ ತಿರುಗಿ ನೋಡಬಾರದೆಂಬ ನಿಯಮ ಮರೆತರು. ಅವರ ಕಣ್ಣಿಗೆ ಮೊದಲು ತಲೆದಿಂಬು ಬಿತ್ತು, ಆಮೇಲೆ ಮಾಂತು, ಆಮೇಲೆ ತಮ್ಮ ಸೊಂಟದ ಮೇಲೆ ಗಾಳಿಯಲ್ಲಿ ನಿಂತಿದ್ದ ಅವನ ಹೆಬ್ಬೆರಳು.

“ನೀ... ನೀ ನನ್ನ ಒದ್ದೀ?”

ಆ ಕೂಗಿಗೆ ಮೆಟ್ಟಿಲ ಮೇಲೆ ಹರಟುತ್ತಿದ್ದ ಹನ್ನೊಂದೂ ಜನ ಒಳಗೆ ನುಗ್ಗಿದರು. ಗುಣವಾದ ಖುಷಿ ಒಂದು ಕ್ಷಣದಲ್ಲಿ ಇಳಿದುಹೋಯಿತು. ಪಂಢರಿನಾಥನಂತೂ ತನ್ನ ತಂದೆ ಕೂಡ ತನ್ನನ್ನು ಎಂದೂ ಒದ್ದಿರಲಿಲ್ಲ ಎಂದು ಮರಾಠಿಯಲ್ಲಿ ಅಳುವುದೊಂದು ಬಾಕಿ.

“ಮರ್ಯಾದಸ್ತ ಮಂದಿಗೆ ಕಾಲಲೆ ಒದ್ದೀ, ಮ್ಯಾಲ ಸುಳ್ಳು ಬ್ಯಾರೆ!” ಎಂದು ಅಪ್ಪಾಸಾಹೇಬರು ನಡುಗಿದರು. “ಕರಾರು ಮರ್ತಬಿಡು. ಈ ತಿಂಗಳ ಆಖೇರಿಗೆ ಮನೀ ಖಾಲಿ ಮಾಡು!”

ಮಾಂತು ತಲೆದಿಂಬನ್ನು ಎದೆಗೆ ಅವಚಿಕೊಂಡ. ನಾ ನೋಡ್ಕೋತೀನಿ ಎನ್ನಲೂ ಆಗಲಿಲ್ಲ. ರೇಣು ನಗುತ್ತ ಬಾಗಿಲಿಗೆ ಬರುತ್ತಾಳೆ, ಬಂದವಳಿಗೆ ಮನೆಯೇ ಹೋಯಿತೆಂದು ಹೇಗೆ ಹೇಳುವುದು?

ಆಗ ಕಲ್ಲವ್ವ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಗಿಸಿದಳು.

“ಬಾಯಿ ಮುಚ್ಚರಿ ಎಲ್ಲಾರೂ. ಸುಳ್ಳು ಎಲ್ಲಿ ಹೇಳ್ಯಾನ? ನಿಮಗ ಪಾಯಾಳು ಕಾಲು ಬೇಕಿತ್ತು, ಪಾಯಾಳು ಕಾಲ ತಾಗೇದ. ಕೂಸಷ್ಟ ಅಲ್ಲ, ಇವನೂ ಕಾಲು ಮುಂದಾಗೇ ಹುಟ್ಟಿದಾವ.”

ಎಲ್ಲರಿಗಿಂತ ಹೆಚ್ಚು ದಂಗಾದವನು ಮಾಂತು.

“ಯಾರಬೇ? ನಾನ?”

“ಮತ್ಯಾರು? ಮೂವತ್ತೆರಡು ವರ್ಷ ಮುಚ್ಚಿಟ್ಟಿದ್ನೋ ಮೂಳಾ! ನಮ್ಮಣ್ಣ ಹಿಂಗ ಹುಟ್ಟಿದಾವ. ಹದಿನಾರು ಹಳ್ಳಿ ಮಂದೀನ ಒದ್ದಾನ. ಉಣ್ಣಾಕ ಕುಂತ್ರ ಎಬ್ಬಿಸೋರು, ಲಗ್ನದಾಗ ಅಕ್ಕಿಕಾಳು ಬೀಳೂ ಮುಂದ ಎಬ್ಬಿಸಿ ಕರಕೊಂಡು ಹೋಗಿದ್ರು. ಹುಡುಗೀ ಕಡೆಯವರು ಸಿಟ್ಟಾಗಿ ಹೋದ್ರು, ಮುಂದ ಲಗ್ನಾನೂ ಆಗಲಿಲ್ಲ ಅವಗ. ನನ್ನ ಮಗಗ ಆ ಗತಿ ಬರಬಾರದು ಅಂತ ನಾ ಬಾಯಿ ಬಿಟ್ಟಿರಲಿಲ್ಲ. ಇವತ್ತ ನೀವು ಬಿಡಿಸಿದ್ರಿ.” ಕಲ್ಲವ್ವನ ಕಣ್ಣಲ್ಲಿ ನೀರಾಡಿತು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರ ಕಣ್ಣೂ ಒಟ್ಟಿಗೆ ಮಾಂತುವಿನ ಕಾಲಿನ ಮೇಲೆ ಇಳಿದವು. ಮಾಂತು ಹೆಬ್ಬೆರಳು ಮಡಚಿ ಮುಚ್ಚಿಟ್ಟುಕೊಳ್ಳಲು ನೋಡಿದ.

ಅಪ್ಪಾಸಾಹೇಬರು ಗಂಟಲು ಸರಿಪಡಿಸಿಕೊಂಡರು. “ಹಂಗಾರ ಮಾತು ಬ್ಯಾರೆ. ಹಿಂಗಾದ್ರ ಇನ್ನೂ ಛಲೋನ ಆತು. ಕೂಸಿಗೆ ಯಾಕ ತ್ರಾಸು ಕೊಡೂದು? ದೊಡ್ಡ ಮನಷಾನ ಕಾಲಿಗೆ ಬಲಾನೂ ಹೆಚ್ಚು.” ಮತ್ತೆ ಬೋರಲಾಗಿ ಮಲಗಿ, “ನಂದು ಒಂದು ಬಾಕಿ ಉಳದದ. ಈ ಸಲ ಅಂಜಬ್ಯಾಡ, ಪೂರ್ತಿ ಒದಿ” ಎಂದರು.

ಐದೂಮುಕ್ಕಾಲಿಗೆ ರೇಣು ಬಂದಾಗ ಸಾಲು ತಳಮಹಡಿ ಮುಟ್ಟಿತ್ತು. ಪಕ್ಕದ ಬಿಲ್ಡಿಂಗಿನವರೂ ಬಂದಿದ್ದರು. ಆಗಲೇ ಗುಣವಾದವರು ಕೂಡ, ಕೂಸಿನ ಹೆಸರಲ್ಲಿ ತಾಗಿಸಿದ್ದು ನಡೆಯುವುದಿಲ್ಲ, ಮಾಂತುವಿನದೇ ಹೆಸರು ಹೇಳಿ ತಾಗಿಸಬೇಕು ಎಂದು ಮರಳಿ ನಿಂತಿದ್ದರು.

ರೇಣು ಗುಂಪನ್ನು ಸೀಳಿಕೊಂಡು ಒಳಗೆ ಹೋಗಿ ಚಿನ್ನುವನ್ನು ಮಲಗಿಸಿದಳು. ಮಾಂತು ಎರಡು ನಿಮಿಷ ಬಿಡುವು ಕೇಳಿ ಹಿಂದೆಯೇ ಹೋದ.

“ಕುತ್ತಿಗಿ ಕೆಳಗ ಎರಡು ಬೆರಳಿಟ್ಟು ಸುಮ್ಮನ ಕುಂತಿದ್ರು ಮೇಡಮ್ಮು, ಅಷ್ಟ. ಕೂಸು ಅಳಲೂ ಇಲ್ಲ. ಜಾದೂ ಏನಿಲ್ಲ, ನಾಕೈದು ಸಲ ಬರಬೇಕಾಗತದ, ನಿಧಾನಕ್ಕ ಸಡಿಲ ಆಗತದ ಅಂದ್ರು. ನೋಡ್ರಿಲ್ಲೆ.”

ಚಿನ್ನು ಮುಖವನ್ನು ಎಡಕ್ಕೆ ಹಾಕಿ ಮಲಗಿದ್ದಳು. ಪೂರ್ತಿ ಎಡಕ್ಕಲ್ಲ, ಸ್ವಲ್ಪ. ಎರಡು ತಿಂಗಳಲ್ಲಿ ಮಾಂತು ಮಗಳ ಬಲಗೆನ್ನೆಯನ್ನು ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಬೆಳಗಾವಿಯ ಚೀಲವನ್ನು ರೇಣು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. ಇಷ್ಟಾದರೆ ಊರನ್ನೆಲ್ಲ ಒದೆಯಬಹುದು ಅನಿಸಿತು ಅವನಿಗೆ.

“ಮಾಂತೂ! ಮಂದಿ ಕಾಯಾಕತ್ತಾರ!” ಎಂದು ಹಾಲ್‌ನಿಂದ ಅಪ್ಪಾಸಾಹೇಬರು ಕೂಗಿದರು.

ಮಾಂತು ಹುರುಪಿನಿಂದ ಬಂದ. ಪಂಢರಿನಾಥ ಮತ್ತೆ ಚಾಪೆಯನ್ನು ಮುಚ್ಚಿ ಮಲಗಿದ್ದ. ತನಗೆ ಮೊದಲ ಸಲ ಬರೀ ಹೆಬ್ಬೆರಳು ಸಿಕ್ಕಿದೆ, ಇಡೀ ಕಾಲು ಬೇಕು ಎಂದು ಅವನ ಹಟ. ಮಾಂತು ಎರಡು ಹೆಜ್ಜೆ ಹಿಂದೆ ಸರಿದು, ಎಡಗಾಲೂರಿ, ಬಲಗಾಲು ಬೀಸಿದ. ನೂರಾಹತ್ತು ಕಿಲೋ ಅಲುಗಲಿಲ್ಲ. ಕಾಲಿಗೆ ಹೋಗಬೇಕಾಗಿದ್ದ ಬಲವೆಲ್ಲ ತಿರುಗಿ ಮಾಂತುವಿನ ಸೊಂಟಕ್ಕೆ ಬಂತು. ಒಳಗೆಲ್ಲೋ ಕಟಕ್ ಎಂದಿತು.

“ಅಯ್ಯಯ್ಯೋ” ಎಂದು ಮಾಂತು ಅರ್ಧಕ್ಕೆ ಮಡಚಿಕೊಂಡ. ಬೆಳಿಗ್ಗೆ ಲಿಫ್ಟಿನಲ್ಲಿ ಅಪ್ಪಾಸಾಹೇಬರು ಹೇಗಿದ್ದರೋ ಅದೇ ಅಚ್ಚು.

ಎಲ್ಲರಿಗೂ ಮದ್ದು ಗೊತ್ತಿತ್ತು. ಎಲ್ಲರೂ ಮಲಗುವ ಕೋಣೆಯ ಕಡೆ ನೋಡಿದರು. ಬಾಗಿಲಿಗೆ ಅಡ್ಡ ರೇಣು ನಿಂತಿದ್ದಳು, ಕೈಯಲ್ಲಿ ಲಟ್ಟಣಿಗೆ.

“ಹುಟ್ಟಿದಾಗಿಂದ ಮೊದಲನೇ ಸರ್ತಿ ಮಲಗ್ಯಾಳ. ಎಬ್ಬಿಸಾವರು ಯಾರ ಇದ್ರೂ ಮುಂದ ಬರ್ರಿ, ನೋಡ್ತೀನಿ.”

ಯಾರೂ ಮುಂದೆ ಬರಲಿಲ್ಲ. ಮಾಂತು ಮಡಚಿಕೊಂಡೇ ಪ್ರಣೀತಾ ಮೇಡಮ್ಮರ ದವಾಖಾನೆಗೆ ಫೋನು ಹಚ್ಚಿದ. ಅಲ್ಲಿನ ಹುಡುಗಿ ಬಹಳ ವಿನಯದಿಂದ, ಮೂರು ವಾರದ ಮೇಲಿನ ಶನಿವಾರ ನಾಲ್ಕು ಗಂಟೆಗೆ ಒಂದು ಜಾಗ ಖಾಲಿ ಇದೆ, ಬರೆದುಕೊಳ್ಳಲೇ ಎಂದು ಕೇಳಿದಳು.

“ಬರಕೋರಿ” ಎಂದ ಮಾಂತು ನೆಲ ನೋಡುತ್ತ.

ಅಪ್ಪಾಸಾಹೇಬರಿಗೆ ಅವನ ಸ್ಥಿತಿ ನೋಡಿ ಕರುಳು ಚುರ್ ಎಂದಿತು. ತಾವೇ ಹೋಗಿ ಅಡುಗೆಮನೆಯಿಂದ ಒಂದು ಕುರ್ಚಿ ತಂದು, ಅವನ ಹಿಂದೆ ಇಟ್ಟು, ಭುಜ ಹಿಡಿದು ಮೆಲ್ಲಗೆ ಕೂರಿಸಿದರು. ಬೆನ್ನಿಗೆ ಕೌದಿ ಸುತ್ತಿದ ಆ ತಲೆದಿಂಬನ್ನೇ ಆನಿಸಿದರು. ಆಮೇಲೆ ಮುಂದಿನ ಚೀಟಿಯವರನ್ನು ಕರೆದು ಚಾಪೆಯ ಮೇಲೆ ಮಲಗಿಸಿ, ಅವನ ಕಿವಿಯ ಹತ್ತಿರ ಬಗ್ಗಿ ಸಮಾಧಾನದ ದನಿಯಲ್ಲಿ ಹೇಳಿದರು.

“ಸೊಂಟಾ ಹಿಡದ್ರ ಏನಾತೋ ತಮ್ಮಾ, ಕಾಲಿಗೆ ಏನಾಗೇದ? ಕುಂತ ಒದಿ.”